ಒಂಟಿ ಎಳೆ ಕಾಣದ ದೊಡ್ಡ ಟೀವಿ

ನಾನು ಕೇಳಿದ್ದು ಹದಿನೇಳು ಇಂಚಿನ ಮಾನಿಟರ್. ಬಂದದ್ದು ಇಪ್ಪತ್ತೊಂಬತ್ತು ಇಂಚಿನ ಟೀವಿ. ಈ ಎರಡರ ನಡುವೆ ನಾನು ಪಟ್ಟ ಪಾಡನ್ನು ಈಗ ನೆನೆಸಿಕೊಂಡರೂ ಮೊದಲು ಬರುವುದು ಸಿಟ್ಟು, ಆಮೇಲೆ ನಗು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಇಟ್ಟುಕೊಂಡಿದ್ದ ಯಜಮಾನರೊಬ್ಬರ ಹತ್ತಿರ ನಾನು ಸೀರೆ ಡಿಸೈನ್ ಮಾಡಲು ಸೇರಿದ್ದೆ. ಅಲ್ಲಿಯವರೆಗೆ ನಮ್ಮೂರಲ್ಲಿ ಡಿಸೈನ್ ಎಂದರೆ ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬುವುದು. ಒಂದು ಚೌಕ ಎಂದರೆ ಬಟ್ಟೆಯಲ್ಲಿ ಒಂದು ಎಳೆ. ಆ ಹಾಳೆ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ, ಆ ಕಾರ್ಡುಗಳ ಸರ ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಹತ್ತುತ್ತದೆ, ತೂತು ಇದ್ದ ಕಡೆ ಎಳೆ ಮೇಲೇಳುತ್ತದೆ. ಇದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವುದನ್ನು ನಾನು ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಕಲಿತಿದ್ದೆ.

ಯಜಮಾನರು ಸೇರಿಸಿಕೊಳ್ಳುವಾಗಲೇ ಹೇಳಿದ್ದರು: "ನೋಡಮ್ಮಾ, ಒಂದು ಡಿಸೈನು ಮಗ್ಗದ ಮೇಲೆ ಸರಿಯಾಗಿ ಇಳೀಲಿ. ಆಮೇಲೆ ನಿನ್ ಕೆಲ್ಸ ಖಾಯಂ. ಇಳೀಲಿಲ್ಲ ಅಂದ್ರೆ ನಮ್ ಹಳೇ ಗ್ರಾಫ್ ಮೇಷ್ಟ್ರು ಇದ್ದೇ ಇದಾರೆ." ಇಳಿಯದಿದ್ದರೆ ನಾನು ಮನೆಗೆ ಹೋಗಿ ಅಮ್ಮನ ಪಕ್ಕ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಬೇಕು. ಅದೇನು ಕೀಳು ಕೆಲಸವಲ್ಲ, ನಮ್ಮನೆ ಅನ್ನ ಅದರಿಂದಲೇ ಬಂದದ್ದು. ಆದರೆ ನನಗದು ಬೇಡವಾಗಿತ್ತು. ಬೇಡ ಎಂದರೆ ಬೇಡ.

ಮೊದಲು ಇದ್ದದ್ದು ಹದಿನಾಲ್ಕು ಇಂಚಿನ ಮಾನಿಟರ್. ಅದರಲ್ಲಿ ಸೀರೆಯ ಸೆರಗನ್ನು ಒಂದು ಗೇಣಿನಷ್ಟೇ ನೋಡಬಹುದು. ಮುಂದಿನ ಗೇಣು ಬೇಕೆಂದರೆ ಸರಿಸಬೇಕು, ಸರಿಸಿದರೆ ಹಿಂದಿನದು ಮರೆಯಾಗುತ್ತದೆ. ಹಂಸದ ಕೊಕ್ಕು ಸರಿಮಾಡುವಾಗ ಬಾಲ ಕಾಣದು. ಅದಕ್ಕೇ ಹದಿನೇಳು ಇಂಚಿನದು ಕೊಡಿಸಿ ಎಂದು ಕೇಳಿದೆ. ಅದೇ ಹೊತ್ತಿಗೆ ಯಜಮಾನರ ಮನೆಯ ಟೀವಿಯ ಪಿಕ್ಚರ್ ಟ್ಯೂಬು ಹೋಗಿರಬೇಕೆ! ಅವರ ತಾಯಿಗೆ ಧಾರಾವಾಹಿ ತಪ್ಪಿಹೋಗುತ್ತಿತ್ತು, ಅವರಿಗೆ ಕ್ರಿಕೆಟ್ ತಪ್ಪಿಹೋಗುತ್ತಿತ್ತು, ಅವರ ಬಾಮೈದನಿಗೆ ವಿಡಿಯೋ ಗೇಮ್ ತಪ್ಪಿಹೋಗುತ್ತಿತ್ತು. ಈ ಬಾಮೈದ ಮದುವೆ ವಯಸ್ಸಿಗೆ ಬಂದವನು, ಅಕ್ಕನ ಮನೆಯಲ್ಲೇ ಇದ್ದುಕೊಂಡು ಸರಕು ಕಳಿಸುವುದನ್ನು ನೋಡಿಕೊಳ್ಳುತ್ತಿದ್ದ. ಅವನಿಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲಿ ಇರಲಿಲ್ಲ.

"ಭಾವ, ಎರಡೆರಡು ಯಾಕೆ? ಈಗ ಟೀವಿಗೇ ಕಂಪ್ಯೂಟ್ರು ಹಾಕ್ಬೋದು. ಒಂದು ಡಬ್ಬ ಬರುತ್ತೆ, ನಡುವೆ ಸಿಗಿಸಿದ್ರೆ ಆಯ್ತು. ಹಗಲೊತ್ತು ಮೇಡಂ ಕೆಲ್ಸ, ಸಾಯಂಕಾಲ ಅಮ್ಮಂಗೆ ಸೀರಿಯಲ್ಲು, ಭಾನ್ವಾರ ಆಟ" ಎಂದ.

ಮೇಡಂ ಎಂದರೆ ನಾನು. ಗೌರವಕ್ಕಲ್ಲ, ಅಣಕಕ್ಕೆ.

"ಟೀವೀಲಿ ಅಕ್ಷರಾನೇ ನೆಟ್ಟಗೆ ಕಾಣಲ್ಲ ಯಜಮಾನ್ರೇ. ಅದು ದೂರದಿಂದ ನೋಡೋಕ್ಕೆ ಮಾಡಿರೋದು" ಎಂದೆ.

ಯಜಮಾನರು ನನ್ನನ್ನು ಪಾಪ ಎನ್ನುವಂತೆ ನೋಡಿದರು. "ಅಲ್ಲಮ್ಮಾ, ಮೂವತ್ತಾರು ಇಂಚಿನ ಮಗ್ಗದಲ್ಲಿ ಎಳೆ ಜಾಸ್ತಿ ಹಿಡಿಯುತ್ತೋ, ನಲವತ್ತೆಂಟರಲ್ಲಿ ಜಾಸ್ತಿ ಹಿಡಿಯುತ್ತೋ?"

"ನಲವತ್ತೆಂಟರಲ್ಲಿ."

"ಮತ್ತೆ? ಅಗಲ ಆದಷ್ಟೂ ಎಳೆ ಜಾಸ್ತಿ. ನೀನು ಕೇಳಿದ್ದಕ್ಕಿಂತ ದೊಡ್ಡದೇ ಕೊಡಿಸ್ತಾ ಇದೀನಿ, ಬೇಡ ಅಂತೀಯಲ್ಲ!"

ಅಲ್ಲಿಗೆ ಮುಗಿಯಿತು. ಹುಟ್ಟಿದಾಗಿನಿಂದ ಮಗ್ಗದ ಸದ್ದು ಕೇಳಿಕೊಂಡು ಬೆಳೆದವರಿಗೆ ಅಗಲ ಹೆಚ್ಚಾದರೆ ಎಳೆ ಹೆಚ್ಚು ಎನ್ನುವುದು ಕೈಗೆ ಐದು ಬೆರಳಿದ್ದಷ್ಟು ಸತ್ಯ. ಟೀವಿ ದೊಡ್ಡದಾದರೂ ಅದರೊಳಗಿನ ಗೆರೆಗಳು ಹೆಚ್ಚುವುದಿಲ್ಲ, ಇದ್ದ ಗೆರೆಗಳೇ ದಪ್ಪವಾಗುತ್ತವೆ ಎಂದು ನಾನು ಹೇಳುತ್ತಲೇ ಇದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು ಆಟೋ ಹತ್ತಿದ್ದರು. ಬಾಮೈದನ ಹಿಂದೆ ನಾನೂ ಹತ್ತಿದೆ.

ಅಂಗಡಿಯಲ್ಲಿ ಟೀವಿಗೆ ಜಲಪಾತ, ಗಿಳಿ, ಹೂವು ಹಾಕಿ ತೋರಿಸಿದರು. ಗಿಳಿಯ ಹಸಿರು ಚೆನ್ನಾಗಿತ್ತು, ನಾನೇನು ಇಲ್ಲ ಎನ್ನಲಿಲ್ಲ. ಕಂಪ್ಯೂಟರ್ ಹಾಕಿ ತೋರಿಸಿ ಎಂದೆ. "ಬರುತ್ತೆ ಮೇಡಂ, ಗ್ಯಾರಂಟಿ" ಎಂದ ಅಂಗಡಿಯವನು. ಬರುವುದು ಬೇರೆ, ಕಾಣುವುದು ಬೇರೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಬಾಮೈದ ರಿಮೋಟ್ ಹಿಡಿದು ಚಾನೆಲ್ ಬದಲಿಸುತ್ತಾ ನಿಂತಿದ್ದ. ಇನ್ನೊಂದು ಘನಕಾರ್ಯವನ್ನೂ ಅವನು ಮಾಡಿದ. ಕೆಟ್ಟ ಟೀವಿಯ ಜೊತೆಗೆ ನನ್ನ ಹದಿನಾಲ್ಕು ಇಂಚಿನ ಮಾನಿಟರನ್ನೂ ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟ. ಮಾರನೇ ದಿನ ಕೆಲಸಕ್ಕೆ ಹೋದಾಗ ನನ್ನ ಮೇಜು ಬೋಳಾಗಿತ್ತು.

ಟೀವಿಯನ್ನು ಮೂರು ಜನ ಹೊತ್ತು ತಂದು, ಯಜಮಾನರ ಮನೆಯಲ್ಲೇ ನನ್ನ ಕೆಲಸಕ್ಕೆ ಬಿಟ್ಟುಕೊಟ್ಟಿದ್ದ ಕೋಣೆಯಲ್ಲಿ ಇಟ್ಟರು. ಮೇಜು ನಡುವೆ ಬಗ್ಗಿತು, ಕೆಳಗೆ ನೂಲಿನ ಪೆಟ್ಟಿಗೆ ಆನಿಸಿಟ್ಟರು. ಡಬ್ಬ ಸಿಗಿಸಿ ಕಂಪ್ಯೂಟರ್ ಹಾಕಿದೆ. ಬಂತು. ಏನು ಬಂತು ಎಂದು ಕೇಳಬೇಡಿ. ಟೀವಿ ತನ್ನ ಚೌಕಟ್ಟಿನ ಹಿಂದೆ ಚಿತ್ರದ ನಾಲ್ಕೂ ಬದಿಯನ್ನು ಒಂದಿಷ್ಟು ನುಂಗಿಬಿಡುತ್ತದೆ. ಸಿನಿಮಾ ನೋಡುವವರಿಗೆ ಅದು ಗೊತ್ತಾಗುವುದಿಲ್ಲ. ನನಗೆ ಎಡಗಡೆ ಸೀರೆಯ ಅಂಚು ಹೋಯಿತು, ಮೇಲುಗಡೆ ಸಾಫ್ಟ್‌ವೇರಿನ ಮೆನು ಅರ್ಧ ಹೋಯಿತು. ಕೆಂಪು ಬಣ್ಣ ಪಕ್ಕದ ಚೌಕಕ್ಕೆ ಸೋರುತ್ತಿತ್ತು. ಅಕ್ಷರ ಓದಲು ಹಿಂದೆ ಸರಿದರೆ ಚಿಕ್ಕದಾಗುತ್ತದೆ, ಮುಂದೆ ಬಂದರೆ ಕಲಸಿಹೋಗುತ್ತದೆ. ನಾನು ಇಡೀ ದಿನ ಕುರ್ಚಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡಿದೆ.

ಇದರ ಮೇಲೆ ಸಾಯಂಕಾಲದ ಜಾತ್ರೆ. ಧಾರಾವಾಹಿ ಹೊತ್ತಿಗೆ ಅಜ್ಜಮ್ಮ, ಎಂದರೆ ಯಜಮಾನರ ತಾಯಿ, ಸೊಪ್ಪಿನ ಮೊರ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲೇ ಕೂರುವರು.

"ಮುಗೀತೇನವ್ವಾ ನಿನ್ ಬೊಂಬೆ ಬರಿಯೋದು?"

"ಇನ್ನೊಂಚೂರು ಅಜ್ಜಮ್ಮಾ. ಈ ಹಂಸದ ಕಾಲು ಮುಗಿಸಿಬಿಡ್ತೀನಿ."

"ಹಂಸ ನಾಳೇನೂ ಇರುತ್ತೆ. ನನ್ ಸೀರಿಯಲ್ಲು ಇರುತ್ತಾ?"

ನಾನು ಟೀವಿ ಬಿಟ್ಟುಕೊಡುತ್ತಿದ್ದೆ. ಧಾರಾವಾಹಿ ಮುಗಿಯುತ್ತಿದ್ದ ಹಾಗೆ ಬಾಮೈದ ಗೇಮಿನ ಕ್ಯಾಸೆಟ್ಟು ತುರುಕುವನು. ಒಂದು ಸಲ ಅವಸರದಲ್ಲಿ ಟೀವಿಯ ಪ್ಲಗ್ಗಿನ ಬದಲು ಕಂಪ್ಯೂಟರಿನ ಪ್ಲಗ್ಗು ಕಿತ್ತ. ನಾನು ಸೇವ್ ಮಾಡಿರದ ಒಂದು ಸಾಲು ಬಳ್ಳಿ ಹೋಯಿತು. "ಅಯ್ಯೋ, ಹೋಗ್ಲಿ ಬಿಡಿ ಮೇಡಂ, ಬಳ್ಳಿ ತಾನೇ, ಮತ್ತೆ ಬೆಳೆಯುತ್ತೆ" ಎಂದ. ಅವನ ತಲೆಯ ಮೇಲೆ ಕೀಬೋರ್ಡಿನಿಂದ ಹೊಡೆಯದೆ ಇದ್ದದ್ದು ನನ್ನ ಪುಣ್ಯವೋ ಅವನ ಪುಣ್ಯವೋ.

ಆಗ ಮಾಡುತ್ತಿದ್ದದ್ದು ಚಿಕ್ಕಪೇಟೆಯ ಸೀರೆ ವ್ಯಾಪಾರಿಯೊಬ್ಬರು ಕೊಟ್ಟ ಡಿಸೈನು. ಅವರ ಮನೆಯ ಹಳೆಯ ಸೀರೆಯೊಂದರ ಸೆರಗಿನ ತುಂಡು ತಂದುಕೊಟ್ಟು, ಇದರ ಹಾಗೇ ಬೇಕು ಎಂದಿದ್ದರು. ಸಾಲಾಗಿ ಹಂಸಗಳು, ಸಾಲಿನ ಮೇಲೂ ಕೆಳಗೂ ಒಂದೇ ಎಳೆಯ ಜರಿ ಗೀಟು. ಆ ಒಂಟಿ ಗೀಟೇ ಅದರ ಅಂದ. ನಾನು ಅದನ್ನು ಒಂದೇ ಚೌಕದ ಗೆರೆಯಾಗಿ ಬರೆದಿದ್ದೆ.

ಯಜಮಾನರು ನೋಡಲು ಬಂದರು. ಟೀವಿಯಲ್ಲಿ ಗೀಟು ಗಡಗಡ ನಡುಗುತ್ತಿತ್ತು. ಟೀವಿ ಒಂದು ಸಲಕ್ಕೆ ಗೆರೆ ಬಿಟ್ಟು ಗೆರೆ ಬರೆಯುತ್ತದೆ, ಉಳಿದ ಗೆರೆಗಳನ್ನು ಮುಂದಿನ ಸಲ ಬರೆಯುತ್ತದೆ. ಹಾಗಾಗಿ ಒಂಟಿ ಗೆರೆ ಒಂದು ಕ್ಷಣ ಇರುತ್ತದೆ, ಮರುಕ್ಷಣ ಇರುವುದಿಲ್ಲ.

"ಏನಮ್ಮಾ ಇದು, ಚಳಿಜ್ವರ ಬಂದಂಗೆ ಆಡ್ತಾ ಇದೆ?"

"ಅದು ಟೀವಿ ಆಡೋದು ಯಜಮಾನ್ರೇ. ಡಿಸೈನ್ ಸರಿಯಾಗಿದೆ." ನಾನು ಆ ಜಾಗವನ್ನು ದೊಡ್ಡದು ಮಾಡಿ ತೋರಿಸಿದೆ. ಗೀಟು ನಿಂತಿತು.

"ಬಟ್ಟೇಲಿ ಹಿಂಗೆ ದೊಡ್ಡದಾಗಿ ಕಾಣ್ಸುತ್ತಾ? ಇಲ್ವಲ್ಲ. ಎರಡು ಎಳೆ ಮಾಡು. ಹಂಸದ ಕುತ್ತಿಗೇನೂ ಸ್ವಲ್ಪ ತುಂಬು, ಕಾಣ್ಸೋದೇ ಇಲ್ಲ."

"ಎರಡು ಎಳೆ ಮಾಡಿದ್ರೆ ಮಗ್ಗದಲ್ಲಿ ದಪ್ಪ ಬರುತ್ತೆ."

"ನಾನು ನೇಯೋಕೆ ಶುರು ಮಾಡ್ದಾಗ ನೀನು ಹುಟ್ಟಿರ್ಲಿಲ್ಲ ಕಣಮ್ಮಾ. ಮಾಡು."

ಮಾಡಿದೆ. ಎರಡು ಚೌಕ ಮಾಡಿದ ತಕ್ಷಣ ಟೀವಿಯಲ್ಲಿ ನಡುಕ ನಿಂತಿತು. ಯಜಮಾನರು ಬಾಮೈದನ ಕಡೆ ತಿರುಗಿ, "ನೋಡಿದ್ಯೇನೋ? ಇಷ್ಟೇ ವಿಷ್ಯ" ಎಂದರು. ಕಾರ್ಡು ಹೊಡೆಸಿದರು, ಮಗ್ಗಕ್ಕೆ ಏರಿಸಿದರು, ಸ್ಯಾಂಪಲ್ ಇಳಿಯಿತು. ನಾನು ಮಗ್ಗದ ಪಕ್ಕದಲ್ಲೇ ನಿಂತಿದ್ದೆ. ಮೊದಲ ಗೀಟು ಬಂದಾಗಲೇ ದಪ್ಪ ಕಂಡಿತು.

ವ್ಯಾಪಾರಿ ಬಂದು ಸ್ಯಾಂಪಲ್ಲನ್ನು ಮಡಿಲ ಮೇಲೆ ಹರಡಿಕೊಂಡರು, ಪಕ್ಕದಲ್ಲಿ ತಮ್ಮ ಹಳೆಯ ತುಂಡನ್ನು ಇಟ್ಟುಕೊಂಡರು. ಗೀಟಿನ ಪಕ್ಕ ಗೀಟು ಹೊಂದಿಸಿ ನೋಡಿದರು. ಆಮೇಲೆ, "ಏನ್ ಸ್ವಾಮಿ, ನಾನು ಗೀಟು ಕೇಳಿದ್ರೆ ನೀವು ಮಂಚದ ನವಾರಪಟ್ಟಿ ನೇಯ್ದಿದೀರಲ್ಲ! ಇದು ಹಂಸಾನಾ? ಬಾತುಕೋಳಿಗೆ ಗಂಟಲು ಊದ್ಕೊಂಡಂಗಿದೆ" ಎಂದರು. ಇನ್ನೊಂದು ಸ್ಯಾಂಪಲ್ ನೋಡುತ್ತೇನೆ, ಅದೂ ಹೀಗೇ ಬಂದರೆ ಕಂಚಿ ಕಡೆ ಹೋಗುತ್ತೇನೆ ಎಂದು ಹೇಳಿ ಕಾಫಿಯನ್ನೂ ಕುಡಿಯದೆ ಎದ್ದರು.

ಯಜಮಾನರು ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ನಾನೂ ತಿರುಗಿ ಎರಡು ಮಾತು ಹೇಳುತ್ತಿದ್ದೆ. ಬೇಜಾರಿನಿಂದ ತಲೆ ಸವರಿಕೊಂಡು, "ಈ ಕಂಪ್ಯೂಟ್ರು ನಮ್ ಕೈಗೆ ಹತ್ತೋದಲ್ಲ ಬಿಡಮ್ಮಾ. ಇನ್ನೊಂದೇ ಒಂದು ಸಲ ನೋಡ್ತೀನಿ. ಅದೂ ಕೆಟ್ರೆ ಮೇಷ್ಟ್ರಿಗೆ ಹೇಳಿಕಳಿಸ್ತೀನಿ" ಎಂದರು. "ಆಗ ಕಂಪ್ಯೂಟ್ರು ನಂಗಿರ್ಲಿ ಭಾವ" ಎಂದ ಬಾಮೈದ. ನನಗೆ ಅಳು ಬಂತು. ಅವನ ಎದುರಿಗೆ ಅಳಬಾರದೆಂದು ಹೊರಗೆ ಹೋಗಿ ನೂಲಿನ ಗಂಟುಗಳ ಹಿಂದೆ ನಿಂತು ಅತ್ತೆ.

ಅತ್ತು ಮುಗಿದ ಮೇಲೆ ತಲೆ ಸ್ವಲ್ಪ ತಿಳಿಯಾಯಿತು. ಬಾಯಲ್ಲಿ ಹೇಳಿದ್ದು ಈ ಮನುಷ್ಯರಿಗೆ ಹತ್ತುವುದಿಲ್ಲ, ಕಣ್ಣಲ್ಲಿ ನೋಡಿದ್ದು ಮಾತ್ರ ಹತ್ತುತ್ತದೆ. ಒಳಗೆ ಬಂದು ಹೊಸ ಫೈಲು ತೆಗೆದೆ. ಒಂದು ಚೌಕ ಕಪ್ಪು, ಒಂದು ಬಿಳಿ. ಮುಂದಿನ ಸಾಲಿನಲ್ಲಿ ಅದಲು ಬದಲು. ಸಾದಾ ನೇಯ್ಗೆ, ನಮ್ಮೂರ ಯಾವ ಮನೆಯವರಾದರೂ ಕಣ್ಣುಮುಚ್ಚಿ ಹೇಳುವ ನೇಯ್ಗೆ. ಅದನ್ನು ಪರದೆ ತುಂಬಾ ತುಂಬಿ ಫ್ಲಾಪಿಗೆ ಹಾಕಿಕೊಂಡೆ. ಒಳ್ಳೆಯ ಪರದೆಯಾದರೆ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣಬೇಕು. ಕಾಣದಿದ್ದರೆ ಬೂದಿ ಬಳಿದ ಹಾಗೆ ಕಾಣುತ್ತದೆ. ನಮ್ಮ ಟೀವಿಯಲ್ಲಿ ಬೂದಿಯೇ ಕಾಣುತ್ತಿತ್ತು, ಅದೂ ಕುದಿಯುತ್ತಿತ್ತು.

ಯಜಮಾನರ ಹತ್ತಿರ ಹೋಗಿ ಹೇಳಿದೆ: "ಇನ್ನೊಂದು ಸಲ ಅಂದ್ರಲ್ಲ, ಆ ಸಲ ನಂಗೆ ಕೊಡಿ. ನೀವೇ ಬೆಂಗ್ಳೂರಿಗೆ, ಎಸ್.ಪಿ. ರೋಡಿನ ಕಂಪ್ಯೂಟ್ರು ಅಂಗಡಿಗಳಿಗೆ ಬಂದು ಮಾನಿಟರ್ ಕಣ್ಣಾರೆ ನೋಡ್ಬೇಕು. ನೀವು ನೋಡೋವರ್ಗೂ ನಾನು ಕಾರ್ಡು ಹೊಡೆಯೋಕ್ಕೆ ಡಿಸೈನ್ ಕೊಡಲ್ಲ."

"ಏನಮ್ಮಾ, ಹೆದರಿಸ್ತೀಯಾ?"

"ಹೂಂ ಯಜಮಾನ್ರೇ."

ಅವರಿಗೆ ನಗು ಬಂತು. ಬಂದರು.

ಎಸ್.ಪಿ. ರೋಡಿನ ಅಂಗಡಿಗಳಲ್ಲಿ ನಮಗೆ ಸಿಕ್ಕ ಮರ್ಯಾದೆ ಹೇಳತೀರದು. ಮೊದಲ ಅಂಗಡಿಯವನು ಫ್ಲಾಪಿ ನೋಡಿದ್ದೇ ತಡ, "ವೈರಸ್ ಬರುತ್ತೆ, ಹಾಕ್ಬೇಡಿ" ಎಂದು ಅಡ್ಡ ಬಂದ. ಎರಡನೆಯವನು ಹಾಕಿದ, ಚೌಕಗಳನ್ನು ನೋಡಿ, "ಇದೇನ್ ಮೇಡಂ, ಫೈಲ್ ಕರಪ್ಟ್ ಆಗಿದೆ" ಎಂದ. ಇನ್ನೊಬ್ಬ ಹದಿನೇಳು ಇಂಚಿನದೊಂದರಲ್ಲಿ ತೋರಿಸಿದ. ಎಳೆ ಬಿಡಿಸಿ ಕಂಡಿತು, ಆದರೆ ಮಿಣಮಿಣ ಎನ್ನುತ್ತಿತ್ತು. ಸೆಕೆಂಡಿಗೆ ಎಷ್ಟು ಸಲ ಚಿತ್ರ ಬರೆಯುತ್ತದೆ ಎಂಬುದನ್ನು ಹೆಚ್ಚಿಸಿ ಎಂದರೆ, "ಅದೆಲ್ಲ ಯಾರೂ ಕೇಳಲ್ಲ" ಎಂದ. ಕೇಳುತ್ತಿದ್ದೇನಲ್ಲ ಮಹಾರಾಯ, ಎದುರಿಗೇ ನಿಂತು!

ಮುಂದಿನ ಅಂಗಡಿಯಲ್ಲಿ ಮಾನಿಟರ್‌ಗಳೂ ಇದ್ದವು, ಒಂದು ಮೂಲೆಯಲ್ಲಿ ದೊಡ್ಡ ಟೀವಿಯೂ ಇತ್ತು. ಅಲ್ಲಿಯವರೆಗೆ ಆಕಳಿಸುತ್ತಾ ಬಂದಿದ್ದ ಯಜಮಾನರು ಇದ್ದಕ್ಕಿದ್ದ ಹಾಗೆ ಜೇಬಿಗೆ ಕೈಹಾಕಿ, ಬಟ್ಟೆಯಲ್ಲಿ ಎಳೆ ಎಣಿಸುವ ಪುಟ್ಟ ಭೂತಗನ್ನಡಿಯನ್ನು ತೆಗೆದರು. ಮಡಚುವ ಕಾಲಿನ ಹಿತ್ತಾಳೆಯದು. ಸೀರೆ ವ್ಯವಹಾರಕ್ಕೆ ಹೋಗುವಾಗ ಅದಿಲ್ಲದೆ ಅವರು ಮನೆ ಬಿಡುವುದಿಲ್ಲ. ಅದನ್ನು ಮಾನಿಟರಿನ ಗಾಜಿಗೆ ಒತ್ತಿಟ್ಟು ಒಂದು ಕಣ್ಣು ಮುಚ್ಚಿದರು. ಅಂಗಡಿಯವನು "ಸಾರ್, ಸಾರ್, ಗೀರು ಬೀಳುತ್ತೆ" ಎಂದು ಬಡಕೊಂಡ.

"ಸುಮ್ನಿರಪ್ಪಾ ನೀನು. ಏನಮ್ಮಾ ಇದು, ಬಿಳೀ ಅಂತ ತೋರ್ಸೋ ಕಡೆ ಬಿಳೀನೇ ಇಲ್ವಲ್ಲ! ಕೆಂಪು, ಹಸಿರು, ನೀಲಿ ಚುಕ್ಕೆ ಪಕ್ಕಪಕ್ಕ ಕೂತವೆ."

"ಆ ಚುಕ್ಕೆಯಿಂದಾನೇ ಎಲ್ಲಾ ಬಣ್ಣ ಆಗೋದು ಯಜಮಾನ್ರೇ. ಈಗ ಆ ಟೀವಿ ಮೇಲಿಟ್ಟು ನೋಡಿ."

ಟೀವಿಯ ಮೇಲಿಟ್ಟರು. ತೆಗೆದರು. ಮತ್ತೆ ಮಾನಿಟರ್ ಮೇಲಿಟ್ಟರು. ಮತ್ತೆ ಟೀವಿ. ಅವರ ಮುಖ ನೋಡಬೇಕಿತ್ತು.

"ಅಲ್ಲಮ್ಮಾ, ಇದು ಗೋಣಿತಾಟು ನೇಯೋ ಹಣಿಗೆ! ಅಗಲ ಇದೆ ನಿಜ, ಹಣಿಗೆ ಒರಟು. ಇದ್ರಲ್ಲಿ ರೇಷ್ಮೆ ಎಳೆ ಹೆಂಗೆ ನಿಲ್ಲುತ್ತೆ?"

ಹಣಿಗೆ ಎಂದರೆ ಮಗ್ಗದಲ್ಲಿ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಪಟ್ಟಿ. ಅದರ ಹಲ್ಲು ಸಣ್ಣಗಿದ್ದಷ್ಟೂ ಒಂದು ಇಂಚಿಗೆ ಹೆಚ್ಚು ಎಳೆ. ಮಗ್ಗದ ಅಗಲ ಎಷ್ಟಾದರೂ ಇರಲಿ, ಹಣಿಗೆ ಒರಟಾದರೆ ಬಟ್ಟೆ ಒರಟೇ.

"ಅದನ್ನೇ ಅಲ್ವಾ ನಾನು ಇಷ್ಟು ದಿನದಿಂದ ಬಡ್ಕೊಳ್ತಿರೋದು?" ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.

"ಹಣಿಗೆ ಅಂತ ಹೇಳ್ಬೇಕಿತ್ತು ತಾನೇ? ನೀನು ಇಂಗ್ಲಿಷಲ್ಲಿ ಏನೇನೋ ಹೇಳ್ತಿದ್ದೆ" ಎಂದು ನನ್ನನ್ನೇ ಗದರಿದರು.

ಇನ್ನು ಸಲೀಸು ಎಂದುಕೊಂಡೆ. ಎಲ್ಲಿಯ ಸಲೀಸು! ಈಗ ಅವರಿಗೆ ಹುಚ್ಚು ಹತ್ತಿತು. ಪ್ರತಿ ಅಂಗಡಿಯಲ್ಲೂ ಪ್ರತಿ ಪರದೆಗೂ ಭೂತಗನ್ನಡಿ. ಅತ್ಯುತ್ತಮ ಎಂದು ಹೇಳಬಹುದಾದ ಒಂದು ಮಾನಿಟರ್ ಸಿಕ್ಕಿತು. ಅದರಲ್ಲಿ ಚುಕ್ಕೆಗಳ ಬದಲು ಉದ್ದನೆಯ ಸಣ್ಣ ಪಟ್ಟಿಗಳು, ಬಣ್ಣ ಎಷ್ಟು ಚೊಕ್ಕ ಎಂದರೆ ನಾನು ಬಾಯಿಬಿಟ್ಟುಕೊಂಡು ನೋಡಿದೆ. ಆದರೆ ಆ ಜಾತಿಯ ಪರದೆಯಲ್ಲಿ ಒಳಗಿನ ಪಟ್ಟಿಗಳು ಅಲುಗಾಡದಿರಲೆಂದು ಒಂದು ಸಣ್ಣ ತಂತಿಯನ್ನು ಅಡ್ಡ ಕಟ್ಟಿರುತ್ತಾರೆ. ಅದರ ನೆರಳು ಬಿಳಿಯ ಮೇಲೆ ಕೂದಲಿನಷ್ಟು ಕಾಣುತ್ತದೆ. ಯಜಮಾನರ ಕಣ್ಣಿಗೆ ಅದೇ ಬೀಳಬೇಕೆ?

"ಇಲ್ಲೊಂದು ಎಳೆ ತಪ್ಪಿದೆ."

"ಸಾರ್, ಅದು ಕಂಪನಿಯಿಂದಲೇ ಹಾಗೆ ಬರೋದು" ಎಂದ ಅಂಗಡಿಯವನು.

"ಕಂಪನಿಯವ್ರೇ ಎಳೆ ತಪ್ಸಿ ಕಳಿಸ್ತಾರಾ? ನಾನು ಹಿಂಗೆ ಅಡ್ಡಗೀಟು ಬಿದ್ದಿರೋ ಸೀರೆ ಕೊಟ್ರೆ ನಿಮ್ ಹೆಂಡ್ತಿ ಉಟ್ಕೋತಾರಾ?"

ನಾನೂ ವಿವರಿಸಿದೆ, ಅಂಗಡಿಯವನೂ ವಿವರಿಸಿದ. ಊಹೂಂ. ಎಳೆ ತಪ್ಪಿದ ಸರಕನ್ನು ದುಡ್ಡು ಕೊಟ್ಟು ತರುವುದು ನೇಕಾರನ ಜಾಯಮಾನದಲ್ಲೇ ಇಲ್ಲ. ಕೊನೆಗೆ ಚುಕ್ಕೆಯದ್ದೇ ಬೇರೊಂದು ಹದಿನೇಳು ಇಂಚಿನದನ್ನು ಆರಿಸಿದೆವು. ಅದರಲ್ಲಿ ನನ್ನ ಸಾದಾ ನೇಯ್ಗೆ ಬಿಡಿಬಿಡಿಯಾಗಿ ನಿಂತಿತು, ಮಿಣುಕು ಇರಲಿಲ್ಲ. ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ಇಬ್ಬರ ತೊಡೆಯ ಮೇಲೆ ಇಟ್ಟುಕೊಂಡು ಯಲಹಂಕ ದಾಟುವಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದಿತ್ತು.

ಟೀವಿ ಹಜಾರಕ್ಕೆ ಹೋಯಿತು, ಅಜ್ಜಮ್ಮ ಅದರ ಹಿಂದೆ ಹೋದರು. ನನ್ನ ಕೋಣೆಯಲ್ಲಿ ಹೊಸ ಮಾನಿಟರ್ ಹಾಕಿದರೆ ಬಲ ಮೂಲೆಯಲ್ಲಿ ನೇರಳೆ ಕಲೆ, ಚಿತ್ರವೆಲ್ಲ ತೊನೆದಾಡುತ್ತಿದೆ. ಅಯ್ಯೋ ದೇವರೇ, ಇನ್ನೇನು ಎಂದು ತಲೆಯ ಮೇಲೆ ಕೈಹೊತ್ತು ಕೂತೆ. ಮಧ್ಯಾಹ್ನ ಊಟಕ್ಕೆ ಮಗ್ಗ ನಿಲ್ಲಿಸಿದಾಗ ತೊನೆದಾಟವೂ ನಿಂತಿತು. ಗೋಡೆಯ ಆಚೆ ಬದಿಗೇ ಮಗ್ಗದ ಮೋಟರ್ ಇತ್ತು, ಅದರ ಅಯಸ್ಕಾಂತದ ಪ್ರಭಾವ. ಮೇಜನ್ನು ಎದುರು ಗೋಡೆಗೆ ಎಳೆದುಕೊಂಡೆ, ಕಲೆ ತೆಗೆಯುವ ಗುಂಡಿ ಒತ್ತಿದೆ. ಆಮೇಲೆ ಪರದೆಯ ಮೇಲೆ ಒಂದು ಚೌಕ ಬರೆದು, ಸ್ಟೀಲ್ ಸ್ಕೇಲ್ ಇಟ್ಟು ಅಳೆದು, ಉದ್ದ ಅಗಲ ಸಮ ಬರುವವರೆಗೆ ಗುಂಡಿ ತಿರುಗಿಸಿದೆ. ಇದನ್ನು ಮಾಡದಿದ್ದರೆ ಹಂಸ ಪರದೆಯಲ್ಲಿ ಸರಿಯಿದ್ದು ಬಟ್ಟೆಯಲ್ಲಿ ಕುಳ್ಳಗಾಗುತ್ತದೆ.

ಗೀಟನ್ನು ಮತ್ತೆ ಒಂದು ಎಳೆಗೆ ತಂದೆ. ಕುತ್ತಿಗೆ ಬಿಡಿಸಿದೆ. ಇಡೀ ಸೆರಗು ಒಂದೇ ನೋಟಕ್ಕೆ ಕಾಣುತ್ತಿತ್ತು, ಒಂದು ಕಡೆ ಬಳ್ಳಿ ತಪ್ಪಿದ್ದೂ ಕಂಡಿತು, ತಿದ್ದಿದೆ. ಯಜಮಾನರು ಬಂದು ಪರದೆಗೆ ಭೂತಗನ್ನಡಿ ಇಟ್ಟು ನೋಡಿದರು. ಗೀಟು ನಡುಗಲಿಲ್ಲ. "ಹೊಡೆಸು" ಎಂದರು.

ಸ್ಯಾಂಪಲ್ ಇಳಿದ ದಿನ ವ್ಯಾಪಾರಿ ಅದನ್ನು ಬಾಗಿಲ ಬೆಳಕಿಗೆ ಒಯ್ದರು. ಹಳೆಯ ತುಂಡನ್ನು ಪಕ್ಕಕ್ಕೆ ಹಿಡಿದು, ಗೀಟಿನ ಮೇಲೆ ಉಗುರು ಎಳೆದುಕೊಂಡು ಹೋದರು.

"ಇದಪ್ಪಾ ಗೀಟು ಅಂದ್ರೆ" ಎಂದರು. "ನೇಯ್ರಿ."

ಅವರು ಹೋದ ಮೇಲೆ ಯಜಮಾನರು ನನ್ನ ಕಡೆ ತಿರುಗಿದರು. ಭೇಷ್ ಎನ್ನುತ್ತಾರೇನೋ ಎಂದುಕೊಂಡೆ. "ಮುಂದಿನ ಡಿಸೈನ್ ಯಾವತ್ತು ಕೊಡ್ತೀಯಮ್ಮಾ?" ಎಂದರು. ನನಗೆ ಅಷ್ಟೇ ಬೇಕಿತ್ತು. ಕೆಲಸ ಖಾಯಂ ಎಂದೇ ಅದರ ಅರ್ಥ. "ಈಗ್ಲೇ ಶುರು ಮಾಡ್ತೀನಿ ಯಜಮಾನ್ರೇ" ಎಂದೆ.

ಕೋಣೆಗೆ ಬಂದು ನೋಡುತ್ತೇನೆ, ಬಾಮೈದ ನನ್ನ ಕುರ್ಚಿಯಲ್ಲಿ ಕೂತಿದ್ದಾನೆ. ಕೈಯಲ್ಲಿ ಆಟದ ಫ್ಲಾಪಿಗಳು. "ಭಾವ, ಬಾ ಇಲ್ಲಿ! ಟೀವಿಗಿಂತ ಇದ್ರಲ್ಲೇ ಕಾರ್ ರೇಸು ಸಕ್ಕತ್ತಾಗಿ ಕಾಣ್ಸುತ್ತೆ!"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಜಮಾನರ ದನಿ ಬಂತು.

"ಏಳೋ ಮೇಲೆ. ಒಬ್ರು ಹಾಸು ಹೂಡಿರೋ ಮಗ್ಗದ ಮೇಲೆ ಇನ್ನೊಬ್ರು ಕೂರ್ತಾರೇನೋ?"

ನಮ್ಮಲ್ಲಿ ಅದೊಂದು ನಡಾವಳಿ. ಮಗ್ಗ ಯಜಮಾನನದ್ದೇ ಇರಬಹುದು, ಆದರೆ ಒಬ್ಬರು ಅದರಲ್ಲಿ ನೇಯಲು ಹಿಡಿದ ಮೇಲೆ ಆ ಹಾಸು, ಎಂದರೆ ಮಗ್ಗಕ್ಕೆ ಏರಿಸಿದ ಉದ್ದನೆಯ ಎಳೆಗಳು, ಮುಗಿಯುವವರೆಗೆ ಅವರನ್ನು ಕೇಳದೆ ಯಾರೂ ಅದರ ಮೇಲೆ ಕೈಯಿಡುವುದಿಲ್ಲ, ಯಜಮಾನನ ಮಗನೂ ಇಡುವುದಿಲ್ಲ. ಬಾಮೈದನಿಗೂ ಇದು ಗೊತ್ತು. ಎದ್ದು ನಿಂತ.

"ಆಯಮ್ಮನ್ನ ಕೇಳು" ಎಂದರು ಯಜಮಾನರು.

ಅವನು ತಲೆ ಕೆರೆದುಕೊಂಡು ನನ್ನ ಕಡೆ ನೋಡಿದ. ಅಣಕವಿಲ್ಲದೆ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. "ಮೇಡಂ, ಒಂದು ಹತ್ತು ನಿಮಿಷ ಆಡ್ಕೊಳ್ಳಾ?"

"ಬೇಡ" ಎಂದೆ.

ಅವನು ಫ್ಲಾಪಿಗಳನ್ನು ಜೇಬಿಗೆ ಹಾಕಿಕೊಂಡು ಹಜಾರದ ಟೀವಿ ಕಡೆ ಹೋದ. ನಾನು ಕುರ್ಚಿ ಎಳೆದುಕೊಂಡು ಕೂತು ಹೊಸ ಫೈಲು ತೆಗೆದೆ.